ರೇವಪ್ಪ ಸೈಕಲ್ಲಿಗೆ ಆರಾಮೇನಂತ ಕೇಳಿದ್ದು

ನೀವು ಗಾಡಿ ನಿಲ್ಲಿಸಿ, ಗಾಜು ಇಳಿಸಿ, "ಏನ್ ಮೌಲಾಸಾಬ, ಆರಾಮೇನು?" ಅಂತ ಕೇಳಿದ್ರಿ. ನಾ ಬಾಯಿ ಬಿಡಲಿಲ್ಲ. ಸೀದಾ ಬಾಗಿಲಾ ತಗದು ನಿಮ್ಮ ಬಾಜೂಕ ಬಂದು ಕುಂತೆ. ಈ ಮುದುಕಗ ತಲಿ ಕೆಟ್ಟೈತೇನು ಅಂತ ನಿಮಗ ಅನಿಸಿರಬೇಕು. ಅನಸಲಿ. ಗಾಡಿ ಈಗ ಬಿಡಬ್ಯಾಡ್ರಿ, ಮೊದಲ ಇದನ್ನ ಕೇಳ್ರಿ. ನಿಮ್ಮ ಗಾಡಿ ಹಿಂದ ಕೊಂಡಿ ಐತಿ, ಕೊಂಡಿ ಮ್ಯಾಲ ಎರಡು ಸೈಕಲ್ ಕಟ್ಟೀರಿ, ಅದನ್ನ ನೋಡಿದ ಕೂಡ್ಲೆ ನನಗ ರೇವಪ್ಪನ ನೆನಪಾತು. ನಡುವ ನಗಬ್ಯಾಡ್ರಿ. ನಕ್ರ ನನಗ ಸಿಟ್ಟು ಬರ್ತೈತಿ.

ನಮ್ಮೂರಾಗ ನೀಲಾಬಾಯಿ ಅಂತ ಒಬ್ಬಾಕಿ ಅದಾಳ. ರೊಟ್ಟಿ ಬಡದು ಮಾರತಾಳ. ಗಂಡ ತೀರಿಕೊಂಡಾನ. ಆತ ಬಿಟ್ಟು ಹೋದದ್ದು ಒಂದು ಹಳೇ ಜೀಪು, ಒಂದು ಹಳೇ ಸೈಕಲ್ಲು, ಒಬ್ಬ ಮಗ ರೇವಪ್ಪ, ಒಬ್ಬಾಕಿ ಮಗಳು ದಾನಮ್ಮ. ಜೀಪಿನ ಹಿಂದ ಒಂದು ಗಟ್ಟಿ ಕೊಂಡಿ, ನೀರಿನ ಟ್ರೇಲರ್ ಜಗ್ಗಾಕಂತ ಹಾಕಿಸಿದ್ದು. ಮಗಳ ಕಾಲಾಗ ಕಸುವು ಐತಿ, ಸೈಕಲ್ ಹತ್ತಿದ್ರ ಬಸ್ಸನ್ನ ಹಿಂದ ಹಾಕ್ತಾಳ. ಇನ್ನ ಮಗ. ಇಪ್ಪತ್ತೈದು ವರ್ಷದಾವ. ಗಾಡಿ ಹೊಡ್ಯಾಕ ಅವನ ಕೈ ಭಾಳ ಚಲೋ, ನನಗಿಂತ ಚಲೋ, ಸುಳ್ಳು ಯಾಕ ಹೇಳ್ಲಿ. ತಲಿ ಮಾತ್ರ ಹೇಳಿದ್ದನ್ನ ಹೇಳಿದಂಗ ತಗೊಂತೈತಿ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ.

ಆ ವರ್ಷ ವಿಜಾಪುರದ ಬೈಪಾಸ್ ರಸ್ತೆದಾಗ ಹುಡುಗ್ಯಾರ ಸೈಕಲ್ ಓಟ ಇಟ್ಟಿದ್ರು. ಅದರಾಗ ಮೊದಲ ನಾಲ್ಕು ಮಂದಿ ಬಂದೋರಿಗೆ ಸೈಕಲ್ ಹಾಸ್ಟೆಲ್ಲಿನ್ಯಾಗ ಜಾಗ. ಊಟ, ಸಾಲಿ, ಸೈಕಲ್ಲು ಎಲ್ಲಾ ಅವರದ. ದಾನಮ್ಮಗ ಅದು ಕಡೀ ಸಲ, ಮುಂದಿನ ವರ್ಷ ವಯಸ್ಸು ದಾಟತಿತ್ತು. ಈ ಸಲ ತಪ್ಪಿದ್ರ ಆಕಿನೂ ಅವ್ವನ ಬಾಜೂಕ ಕುಂತು ರೊಟ್ಟಿ ಬಡೀಬೇಕು. ಸಾಲಿ ಮಾಸ್ತರು ರೇಸಿನ ಸೈಕಲ್ ಒಂದು ಕೊಡಸಿದ್ರು. ಆದ್ರ ಅದನ್ನ ಮುಂಜಾನೆ ಎಂಟಕ್ಕ ಇಪ್ಪತ್ತೈದು ಕಿಲೋಮೀಟರ್ ದೂರ ಒಯ್ಯೋದು ಹೆಂಗ? ಬಸ್ಸಿನವರು ಸೈಕಲ್ ಹತ್ತಸೂದಿಲ್ಲ. ನನ್ನ ಮೂರು ಗಾಲಿ ಟಂಟಂ ಆ ಹೊತ್ತಿಗೆ ಹಾಲಿನ ಕ್ಯಾನ್ ಹೇರಿಕೊಂಡು ಹೋಗತೈತಿ. ಉಳದದ್ದು ಜೀಪು. ಜೀಪು ಅಂದ್ರ ರೇವಪ್ಪ.

ನೀಲಾಬಾಯಿ ಹಣೀ ಮ್ಯಾಲ ಕೈ ಇಟಗೊಂಡು ಒಂದು ದಿನ ಕುಂತಳು. ಆಮ್ಯಾಲ ಎದ್ದು ಹೇಳಿದ್ಲು: "ಇನ್ನ ಒಂದು ತಿಂಗಳು ಐತಿ. ಹುಡುಗಿ ಸೈಕಲ್ ಹೊಡದು ಕಲೀಲಿ. ಇಂವ ಸೈಕಲ್ ಕಟ್ಟಿ ಕಲೀಲಿ."

ಕಲಸಾಕ ನಿಂತಳು ನೋಡ್ರಿ.

"ರೇವಪ್ಪಾ, ನಿಮ್ಮಪ್ಪನ ಹಳೇ ಸೈಕಲ್ ರಿಪೇರಿ ಅಂಗಡ್ಯಾಗ ಐತಿ. ಜೀಪಿನ ಕೊಂಡಿಗೆ ಕಟಗೊಂಡು ಬಾ."

"ಹೂನವ್ವ."

ಹೋದ. ಹಗ್ಗದ ಒಂದು ತುದಿ ಕೊಂಡಿಗೆ ಕಟ್ಟಿದ, ಇನ್ನೊಂದು ತುದಿ ಸೈಕಲ್ಲಿನ ಹ್ಯಾಂಡಲ್ಲಿಗೆ ಕಟ್ಟಿದ. ಗಂಟು ಮಾತ್ರ ಹೆಂತಾದ್ದು ಅಂತೀರಿ, ಎತ್ತು ಜಗ್ಗಿದ್ರೂ ಬಿಚ್ಚೂದಿಲ್ಲ. ಜೀಪು ಬಿಟ್ಟ. ಸೈಕಲ್ಲು ನಾಲ್ಕು ಮಾರು ಓಡಿ, ಬಿದ್ದು, ಕಿರ್‍ರ್ ಅಂತ ನೆಲಾ ಹೆರಕೋತ ಹಿಂದ ಹೊಂಟಿತು. ನಾ ಎದುರಿಗೆ ಟಂಟಂ ತಗೊಂಡು ಬರಾಕ ಹತ್ತಿದ್ದೆ. ಕೂಗಿದೆ.

"ಏ ರೇವಪ್ಪಾ, ಹಿಂದ ನೋಡೋ."

"ಹಿಂದ ನೋಡಂತ ಅವ್ವ ಹೇಳಿಲ್ಲ ಕಾಕಾ."

ಮನಿ ಮುಟ್ಟಿದಾಗ ಹಗ್ಗದ ತುದಿಗೆ ಹ್ಯಾಂಡಲ್ ಉಳದಿತ್ತು. ಹ್ಯಾಂಡಲ್ಲಿಗೆ ಗಂಟಿ ಉಳದಿತ್ತು. ನೀಲಾಬಾಯಿ ಆ ಗಂಟಿ ಒಮ್ಮೆ ಬಾರಿಸಿ ನೋಡಿದ್ಲು. ಟ್ರಿಣ್ ಅಂತು. ಹೊರಗ ಬಂದಿದ್ದ ಬೈಗುಳ ಎಲ್ಲಾ ಒಳಗ ಹೋಗಿ ಕಣ್ಣಾಗ ನೀರು ಬಂತು.

"ಗಂಡನ ಸೈಕಲ್ಲೋ ಅದು. ಸೈಕಲ್ ಏನು ಎಮ್ಮಿ ಕರಾನ ಹಗ್ಗ ಹಾಕಿ ಎಳ್ಯಾಕ? ಕೊಂಡಿಗೆ ಒಂದು ಸ್ಟ್ಯಾಂಡ್ ಬರ್ತೈತಿ. ಸ್ಟ್ಯಾಂಡಿನ ಮ್ಯಾಲ ಎತ್ತಿ ಇಡಬೇಕು. ಎರಡು ಪಟ್ಟಿ ಬಿಗೀಬೇಕು. ಹಿಂದ ಚಾಚಿದ್ದಕ್ಕ ಕೆಂಪು ಬಟ್ಟಿ ಕಟ್ಟಬೇಕು, ಹಿಂದಿನವರು ಅದನ್ನ ಕಂಡು ದೂರ ನಿಂದ್ರಬೇಕು. ನೆಲಕ್ಕ ಏನೂ ತಾಗಬಾರದು. ಏನಂದೆ?"

"ನೆಲಕ್ಕ ಏನೂ ತಾಗಬಾರದು."

"ಶಾಣ್ಯಾ. ಹೋಗು."

ಸ್ಟ್ಯಾಂಡ್ ಬಂತು, ಪಟ್ಟಿ ಬಂದುವು, ಕೆಂಪು ಬಟ್ಟಿ ನೀಲಾಬಾಯಿನ ಹಳೇ ಸೀರಿ ಹರದು ಕೊಟ್ಟಳು. ಒಂದು ವಾರ ಆಗಿತ್ತು. ಅವರ ನೀರಿನ ಟ್ರೇಲರ್ ಬಾಜೂ ಊರಾಗ ವೆಲ್ಡಿಂಗಿಗೆ ಬಿಟ್ಟಿದ್ರು. "ಹೋಗಿ ಟ್ರೇಲರ್ ತಗೊಂಡು ಬಾ" ಅಂದ್ಲು ಅವ್ವ. ಟ್ರೇಲರ್ ಅಂದ್ರ ನಿಮಗ ಗೊತ್ತಲ್ಲ, ಎರಡು ಗಾಲಿ ಮ್ಯಾಲ ಒಂದು ನೀರಿನ ಟಾಕಿ. ಕೊಂಡಿಗೆ ಸಿಗಸಿದ್ರ ಜೀಪಿನ ಹಿಂದ ತಾನ ಉರುಳಿ ಬರ್ತೈತಿ. ಗಾಲಿ ಇರೂದ ಅದಕ್ಕ.

ರೇವಪ್ಪ ಅದನ್ನ ಸುತ್ತ ಹಾಕಿ ನೋಡಿದ. ಗಾಲಿ ನೆಲಕ್ಕ ತಾಗಿದ್ದುವು. ತಪ್ಪಲ್ಲೇನು? ಅಲ್ಲಿ ಕಟ್ಟಿ ಮ್ಯಾಲ ಎಂಟು ಮಂದಿ ಕುಂತಿದ್ರು, ಇಸ್ಪೀಟ್ ಆಡಕೋತ. ಅವರನ್ನ ಕರದ. ಅವರರೆ ಯಾಕಂತ ಕೇಳಬೇಕೋ ಬ್ಯಾಡೋ? ಕೇಳಲಿಲ್ಲ. ಎಂಟೂ ಮಂದಿ ಕೂಡಿ ಹೋ ಅಂತ ಎತ್ತಿ ಟ್ರೇಲರನ್ನ ಜೀಪಿನ ತಗಡಿನ ಮಾಡದ ಮ್ಯಾಲ ಇಟ್ಟರು. ಪಟ್ಟಿ ಬಿಗಿದ. ಕೆಂಪು ಬಟ್ಟಿ ಕಟ್ಟಿದ. ಮಾಡ ಕುಸದು ಅವನ ತಲಿಗೆ ಬಂತು. ಕುತಗಿ ಹೊಳ್ಳಿಸಿ, ಒಂದು ಕಣ್ಣಿಲೆ ರಸ್ತೆ ನೋಡಕೋತ, ಊರಾಗ ಬಂದ.

ನೀಲಾಬಾಯಿ ಕೈಯಾಗಿನ ರೊಟ್ಟಿ ಹಂಚಿನ ಮ್ಯಾಲ ಬಿಟ್ಟು ಹೊರಗ ಬಂದ್ಲು. ರೊಟ್ಟಿ ಹೊತ್ತಿ ಹೋತು.

"ನೆಲಕ್ಕ ಏನೂ ತಾಗಿಲ್ಲವ್ವ" ಅಂದ ರೇವಪ್ಪ, ಕುತಗಿ ಹೊಳ್ಳಿಸಿಕೊಂಡ.

"ಎಲಾ ಹುಚ್ಚಪ್ಪಾ, ಟ್ರೇಲರಿಗೆ ಗಾಲಿ ಯಾಕ ಕೊಟ್ಟಾರ? ಅದು ನೆಲದ ಮ್ಯಾಲ ಬರಬೇಕು. ಅದರ ಮೂಗು ಕೊಂಡಿಗೆ ಸಿಗಸು. ಪಿನ್ನು ಹಾಕು. ಪಿನ್ನು ಜಿಗೀದಂಗ ಕ್ಲಿಪ್ಪು ಹಾಕು. ಸರಪಳಿ ಹಾಕು, ಪಿನ್ನು ಮುರದ್ರ ಸರಪಳಿ ಹಿಡೀತೈತಿ. ಕಡೀಕ ಎರಡೂ ಕೈಲೆ ಹಿಡದು ಅಲ್ಲಾಡಿಸಿ ನೋಡು. ಅಲ್ಲಾಡಿದ್ರ ಅದನ್ನ ತರಬ್ಯಾಡ, ಅಲ್ಲೇ ಬಿಟ್ಟು ಬಾ. ಏನಂದೆ?"

"ಅಲ್ಲಾಡಿದ್ರ ಅಲ್ಲೇ ಬಿಟ್ಟು ಬಾ."

ನೀವು ಆ ಕಡೆ ಮುಖ ತಿರುವಿ ನಗಾಕ ಹತ್ತೀರಿ. ಕನ್ನಡ್ಯಾಗ ಕಾಣತೈತ್ರಿ ನನಗ. ಇರಲಿ.

ಮತ್ತೊಂದು ವಾರಕ್ಕ ರೇವಪ್ಪನ ಆಯಿ ಬಂದ್ಲು, ಅವರಪ್ಪನ ತಾಯಿ, ಇಂಡಿ ಕಡೆಯಾಕಿ. ಮೊಮ್ಮಗಳು ಓಟಕ್ಕ ಹೋಗತಾಳ, ತಲಿ ಮ್ಯಾಲ ಕೈ ಇಟ್ಟು ಕಳಸೂಣು ಅಂತ ಬಂದಾಕಿ. ಎಂಬತ್ತು ದಾಟೈತಿ. ಆಕಿ ತಲಿ ಸದಾ ಅಲ್ಲಾಡ್ತಿರತೈತಿ, ಬ್ಯಾಡ ಬ್ಯಾಡ ಅಂದಂಗ. ಬಸ್ ಸ್ಟ್ಯಾಂಡಿನಿಂದ ಕರಕೊಂಡು ಬಾ ಅಂತ ರೇವಪ್ಪನ್ನ ಕಳಸಿದ್ರು. ಕಳಸಬಾರದಿತ್ತು, ಆದ್ರ ಆ ಹೊತ್ತಿನ್ಯಾಗ ಬ್ಯಾರೆ ಯಾರದಾರ?

ರೇವಪ್ಪ ಆಯೀನ್ನ ಜೀಪಿನ ಮುಂದ ಕುಂಡ್ರಿಸಿದ. ಬೆಲ್ಟ್ ಹಾಕಿದ. ಸರಪಳಿನೂ ಸುತ್ತಿದ. ಮುದುಕಿ ಸುಮ್ಮನ ಕುಂತಿತ್ತು, ಈಗಿನ ಗಾಡ್ಯಾಗ ಹಿಂಗ ಇರತೈತೇನೋ ಅಂತ. ಆಮ್ಯಾಲ ಎರಡೂ ಭುಜ ಹಿಡದು ಅಲ್ಲಾಡಿಸಿ ನೋಡಿದ. ಕೈ ಬಿಟ್ಟು ನೋಡಿದ. ಕೈ ಬಿಟ್ಟ ಮ್ಯಾಲೂ ತಲಿ ಅಲ್ಲಾಡ್ತಿತ್ತು.

"ಆಯಿ, ನೀ ಅಲ್ಲಾಡತಿ."

"ಹೂನಪಾ, ಹತ್ತು ವರ್ಷಾತು."

ಬಿಚ್ಚಿ, ಇಳಿಸಿ, ಕಲ್ಲಿನ ಮ್ಯಾಲ ಕುಂಡ್ರಿಸಿ, ಕಾಲಿಗೆ ನಮಸ್ಕಾರ ಮಾಡಿ ಬಿಟ್ಟು ಬಂದ. ಆಯೀನ್ನ ನಾನ ನನ್ನ ಟಂಟಂನ್ಯಾಗ ಕರಕೊಂಡು ಬಂದೆ. ದಾರಿ ತುಂಬ ಆಕಿ ಬೈದದ್ದು ನನ್ನ. ನನಗ್ಯಾಕ ಬೈಯೂದು, ಕೇಳ್ರಿ ನೀವ. ಸಮೀಪ ಇದ್ದವನಿಗೆ ಬೈಯೂದು ಮುದುಕ್ಯಾರ ಚಟ.

ನೀಲಾಬಾಯಿ ಮಗನ್ನ ಮುಂದ ನಿಲ್ಲಿಸಿಕೊಂಡ್ಲು. ಆಕಿ ದನಿನ ಸೋತು ಹೋಗಿತ್ತು.

"ಜೀವ ಇದ್ದದ್ದನ್ನ ಅಲ್ಲಾಡಿಸಬಾರದೋ ತಮ್ಮಾ. ಕೇಳಬೇಕು. ಇನ್ನ ಮ್ಯಾಲ ಯಾರನ್ನ ತಂದ್ರೂ, ಏನು ತಂದ್ರೂ, ಐದು ಕಿಲೋಮೀಟರಿಗೊಮ್ಮೆ ಗಾಡಿ ನಿಲ್ಲಿಸು. ಕೆಳಗಿಳಿ. ಹಿಂದ ಹೋಗಿ ನೋಡು. ಹೆಂಗದಿ, ಆರಾಮೇನು ಅಂತ ಕೇಳು. ಆರಾಮದೀನಿ ಅಂತ ಹೇಳಿದ ಮ್ಯಾಲ ಗಾಡಿ ಬಿಡು. ಅಲ್ಲೀಮಟ ಬಿಡಬ್ಯಾಡ."

"ಆತವ್ವ."

ಈ ಮಾತನ್ನ ಚಲೋ ನೆನಪಿಡ್ರಿ. ನನ್ನ ಮಾನ ಹೋದದ್ದು ಇದರಿಂದನ.

ಓಟದ ದಿನ ಬಂತು. ರೇವಪ್ಪ ಆ ಮುಂಜಾನೆ ಸೈಕಲ್ ಕಟ್ಟಿದ್ದು ನಾ ಕಣ್ಣಾರೆ ನೋಡೀನಿ. ಸ್ಟ್ಯಾಂಡ್ ಕೊಂಡಿಗೆ ಕುಂದ್ರಿಸಿದ, ಪಿನ್ನು ಹಾಕಿದ, ಕ್ಲಿಪ್ಪು ಹಾಕಿದ. ಸೈಕಲ್ ಎತ್ತಿ ಇಟ್ಟ, ಎರಡು ಪಟ್ಟಿ ಬಿಗಿದ, ತುದಿಗೆ ಕೆಂಪು ಬಟ್ಟಿ. ಟೈರು ಸೈಲೆನ್ಸರ್ ಕಡೆ ಬಂದಿತ್ತು, ಹೊಗೀ ಬಿಸಿಗೆ ಸುಡತೈತಿ ಅಂತ ತಿರುವಿ ಇಟ್ಟ. ನಂಬರ್ ಪ್ಲೇಟ್ ಮರಿ ಆಗಿಲ್ಲ, ಹಿಂದಿನ ಲೈಟ್ ಮರಿ ಆಗಿಲ್ಲ. ತಿಂಗಳ ತುಂಬ ಬೈಸಿಕೊಂಡದ್ದು ಸಾರ್ಥಕ ಆತು ಅನಿಸ್ತು ನನಗ. ನೀಲಾಬಾಯಿ ರೊಟ್ಟಿ ಬುತ್ತಿ ಕೊಟ್ಟು, ಮಗಳ ಗಲ್ಲ ಹಿಡದು ಒಳಗ ಹೋದ್ಲು.

ಇನ್ನ ಮುಂದಿನದು ದಾನಮ್ಮ ನನಗ ಹೇಳಿದ್ದು.

ಐದನೇ ಕಿಲೋಮೀಟರ್ ಕಲ್ಲು ಬಂತು. ರೇವಪ್ಪ ಗಾಡಿ ನಿಲ್ಲಿಸಿದ. ಇಳದ. ಹಿಂದ ಹೋದ. ಸೈಕಲ್ಲಿನ ಮುಂದ ಬಗ್ಗಿ ನಿಂತು ಕೇಳಿದ.

"ಹೆಂಗದಿ? ಆರಾಮೇನು?"

ಸೈಕಲ್ ಏನು ಹೇಳ್ತೈತ್ರಿ? ರೇವಪ್ಪ ಕೈ ಕಟಗೊಂಡು ನಿಂತ. ಐದು ಮಿನಿಟಾತು, ಹತ್ತು ಮಿನಿಟಾತು. ದಾನಮ್ಮ ಇಳದು ಬಂದ್ಲು.

"ಅಣ್ಣಾ, ಹೊತ್ತಾತು, ನಡಿ."

"ಅದು ಇನ್ನ ಹೇಳಿಲ್ಲ ದಾನಿ. ಸಿಟ್ಟಾಗೇತೇನೋ."

ಹುಡುಗಿಗೆ ಅಳು ಬಂತು. ವರ್ಷ ದಾಟತೈತಿ, ಎಂಟು ಗಂಟೆ ದಾಟತೈತಿ, ಇವ ಸೈಕಲ್ಲಿನ ಬಾಯಿ ನೋಡಕೋತ ನಿಂತಾನ. ಅಳೂದು ಬಿಟ್ಟು ಹೋಗಿ ಮುಂದ ಕುಂತಳು, ಸೀಟಿನ ಹಿಂದ ತಲಿ ಬಗ್ಗಿಸಿ, ಸಣ್ಣ ದನಿ ತಗದು ಹೇಳಿದ್ಲು: "ಆರಾಮದೀನಿ, ನಡಿ."

ರೇವಪ್ಪನ ಮುಖ ಅರಳಿತು. "ಹೇಳ್ತು" ಅಂದ, ಬಂದು ಗಾಡಿ ಬಿಟ್ಟ. ಹತ್ತನೇ ಕಲ್ಲಿಗೆ ಮತ್ತ ಹಂಗ, ಹದಿನೈದನೇ ಕಲ್ಲಿಗೆ, ಇಪ್ಪತ್ತನೇ ಕಲ್ಲಿಗೆ ಮತ್ತ ಹಂಗ. ಆಕಿ ಕಲ್ಲು ಕಂಡ ಕೂಡ್ಲೆ ಸೈಕಲ್ಲಿನ ದನಿ ತಯಾರ ಇಟಗೊಂಡಿರತಿದ್ಲು. ಎಂಟಕ್ಕ ಇನ್ನ ನಾಲ್ಕು ಮಿನಿಟ್ ಇರೂಮುಂದ ಮುಟ್ಟಿದ್ರು.

ಇಪ್ಪತ್ತೆರಡು ಹುಡುಗ್ಯಾರು. ಹತ್ತು ಕಿಲೋಮೀಟರ್ ಹೋಗಿ, ಹತ್ತು ಕಿಲೋಮೀಟರ್ ತಿರುಗಿ ಬರೂದು. ಸೀಟಿ ಊದಿದ್ರು, ಹೊಂಟರು. ದಾನಮ್ಮ ಐದನೇಯಾಕಿ ಇದ್ಲು, ನಡುವಿನ ಗುಂಪಿನ್ಯಾಗ. ರೇವಪ್ಪ ಮೈದಾನದಾಗ ಕುಂತು ವಿಚಾರ ಮಾಡಿದ. ಇಂವ ವಿಚಾರ ಮಾಡಿದಾಗೆಲ್ಲಾ ಊರಿಗೆ ಗಂಡಾಂತರ. ಯಾರನ್ನ ತಂದ್ರೂ ಐದು ಕಿಲೋಮೀಟರಿಗೊಮ್ಮೆ ಕೇಳು ಅಂದಾಳ ಅವ್ವ. ತಂಗೀನ್ನ ತಂದದ್ದು ಯಾರು? ನಾನ. ಹಂಗಾರ ಕೇಳೂದು ಯಾರು? ನಾನ.

ಜೀಪು ತಗೊಂಡು ಅಡ್ಡ ದಾರಿಲೆ ಹೋಗಿ ಓಟದ ಐದನೇ ಕಲ್ಲಿಗೆ ನಿಂತ. ತಂಗಿ ಬರೂದು ಕಾಣತಿತ್ತು. ಆಕಿ ಮುಂದ ನಾಲ್ಕು, ಹಿಂದ ಹದಿನೇಳು. ಎಲ್ಲಾರೂ ಮ್ಯಾಲ ಬೀಳೂಹಂಗ ಬರಾಕ ಹತ್ಯಾರ. ಕೆಂಪು ಬಟ್ಟಿ ಕಂಡು ದೂರ ನಿಂದ್ರಬೇಕು ಅಂದಿದ್ಲಲ್ಲ ಅವ್ವ? ಸ್ಟ್ಯಾಂಡಿಗೆ ಕಟ್ಟಿದ್ದ ಕೆಂಪು ಬಟ್ಟಿ ಬಿಚ್ಚಿ, ಎರಡೂ ಕೈಲೆ ಎತ್ತಿ ಹಿಡದು ರಸ್ತೆ ನಡುವ ನಿಂತ.

ಓಟದಾಗ ಕೆಂಪು ಕಂಡ್ರ ನಿಂದ್ರಬೇಕಂತ ಹುಡುಗ್ಯಾರಿಗೆ ಕಲಿಸಿರತಾರ. ಮುಂದಿನ ನಾಲ್ಕು ಮಂದಿ ಬ್ರೇಕ್ ಒತ್ತಿದ್ರು. ಹಿಂದಿನ ಹದಿನೇಳೂ ಬ್ರೇಕ್ ಒತ್ತಿದ್ರು. ಕೆಂಪು ಬಟ್ಟಿ ಹಿಡದಾವನ ಮಾತು ಕೇಳಿದ್ರ ಏನಾಗತೈತಿ ಅಂತ ಗೊತ್ತಿದ್ದಾಕಿ ಅಲ್ಲಿ ಒಬ್ಬಾಕಿನ. ಆಕಿ ನಿಂದ್ರಲಿಲ್ಲ.

"ಹೆಂಗದಿ ದಾನಿ, ಆರಾಮೇನು?"

"ಆರಾಮದೀನಿ, ನಡಿ," ಅಂತ ಬಾಜೂಲೆ ಹಾದು ಹೋದ್ಲು.

ಮೊದಲನೇಯಾಕಿ ಆಗಿ ಬಂದ್ಲು. ಮಂದಿ ಚಪ್ಪಾಳಿ ಬಡದ್ರು. ಹಿಂದಿಂದ ಇಪ್ಪತ್ತೊಂದು ಹುಡುಗ್ಯಾರು ಅಳಕೋತ ಬಂದ್ರು. ಓಟದ ಸಾಹೇಬರು ನಿಯಮದ ಪುಸ್ತಕ ತಗದು ಓದಿದ್ರು: ಓಟದ ಅಧಿಕಾರಿ ಕೆಂಪು ತೋರಿಸಿದ್ರ ಮಾತ್ರ ನಿಲ್ಲಬೇಕು. ರೇವಪ್ಪ ಅಧಿಕಾರಿ ಅಲ್ಲ. ಆದ್ದರಿಂದ ನಿಂತವರದ ತಪ್ಪು, ನಿಂದ್ರದಾಕಿ ಗೆದ್ದಂಗ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ. ಪುಸ್ತಕ ಓದಿದವರೊಳಗೂ ರೇವಪ್ಪ ಇರತಾನ ನೋಡ್ರಿ, ಅಂವಗ ಸಾಹೇಬ ಅಂತಾರ, ಅಷ್ಟ ಫರಕು.

ಆದ್ರ ಆ ಹುಡುಗಿ ಏನಂದ್ಲು ಗೊತ್ತೇನು? "ಬ್ಯಾಡ್ರಿ ಸರ್. ನಾ ಇವರನ್ನ ಗೆದ್ದಿಲ್ಲ, ನಮ್ಮಣ್ಣನ್ನ ಗೆದ್ದೀನಿ. ಇನ್ನೊಮ್ಮೆ ಓಡಸ್ರಿ." ಕಡೀ ಸಲ ಅಂತ ಗೊತ್ತಿದ್ದೂ ಅಂದ್ಲು. ನನಗ ಮಕ್ಕಳಿಲ್ಲ. ಈ ಮಾತು ಕೇಳಿದ ದಿನ ಇಂಥಾಕಿ ಒಬ್ಬಾಕಿ ಇದ್ದಿದ್ರ ಅನಿಸ್ತು.

ಸಾಹೇಬರು ಒಪ್ಪಿದ್ರು. ಒಂದು ತಾಸು ಬಿಟ್ಟು ಮತ್ತ ಓಟ ಇಟ್ಟರು. ಜೀಪು ತಗೊಂಡು ಮೈದಾನಕ್ಕ ತಿರುಗಿ ಬಂದಿದ್ದ ರೇವಪ್ಪನ ಹತ್ರ ಬಂದು ಬಟ್ಟು ತೋರಿಸಿ ಹೇಳಿದ್ರು: "ನಾ ಬಿಡು ಅನ್ನೋತನಕ ಈ ಗಾಡಿ ಇಲ್ಲಿಂದ ಒಂದಿಂಚು ಅಲುಗಬಾರದು."

"ಆತ್ರಿ ಸಾಹೇಬ್ರ."

ಅಲುಗಲಿಲ್ಲ. ಓಟ ಮುಗೀತು. ದಾನಮ್ಮ ದಣದಿದ್ಲು, ಆದ್ರೂ ಮೂರನೇಯಾಕಿ ಬಂದ್ಲು. ನಾಲ್ಕು ಮಂದ್ಯಾಗ ಒಬ್ಬಾಕಿ, ಹಾಸ್ಟೆಲ್ ಚೀಟಿ ಕೈಯಾಗ ಬಂತು. ಸಾಹೇಬರು ಭಾಷಣ ಮಾಡಿ, ಚಹಾ ಕುಡದು, ತಮ್ಮ ಕಾರು ಹತ್ತಿ ತಮ್ಮೂರಿಗೆ ಹೋದ್ರು. ಮೈದಾನ ಖಾಲಿ ಆತು. ರೇವಪ್ಪ ಸ್ಟೇರಿಂಗ್ ಹಿಡದು ಕುಂತಾನ. ತಂಗಿ ಕೈ ಮುಗದ್ಲು, ಕಾಲು ಹಿಡದ್ಲು. "ಸಾಹೇಬರು ಬಿಡು ಅಂದಿಲ್ಲ ದಾನಿ." ಕಡೀಕ ಆಕಿ ಯಾರದೋ ಫೋನ್ ಇಸಗೊಂಡು ನನಗ ಫೋನ್ ಮಾಡಿದ್ಲು: "ಮೌಲಾಕಾಕಾ, ನಾ ಪಾಸಾದೆ. ಅಣ್ಣ ಬರವಲ್ಲ."

ಮಧ್ಯಾಹ್ನದ ಬಿಸಲಾಗ ನೀಲಾಬಾಯಿ, ಆಯಿ, ನಾ, ನನ್ನ ಟಂಟಂ, ಎಲ್ಲಾರೂ ಹೋದಿವಿ. ಅವ್ವ ಬೈದ್ಲು, ಆಯಿ ಬೈದ್ಲು, ನಾನೂ ಬೈದೆ. ಅಲುಗಲಿಲ್ಲ. ಆಗ ದಾನಮ್ಮ ಜೀಪಿನ ಹಿಂದಿನ ಬೇವಿನ ಗಿಡದ ಮರಿಗೆ ಹೋಗಿ, ಗಂಟಲ ದಪ್ಪ ಮಾಡಿ ಒದರಿದ್ಲು: "ಏ ರೇವಪ್ಪಾ. ಸಾಹೇಬ ಹೇಳಾಕ ಹತ್ತೀನಿ. ಗಾಡಿ ಬಿಡು."

"ಆತ್ರಿ ಸಾಹೇಬ್ರ" ಅಂದ, ಬಿಟ್ಟ.

ಬಿಟ್ಟು ಹೋದ. ನಾವು ನಾಲ್ಕೂ ಮಂದಿ ಮೈದಾನದಾಗ. ಸೈಕಲ್ಲು ಬೇವಿನ ಗಿಡಕ್ಕ ಆನಿಸಿದ್ದು ಹಂಗ ಐತಿ. ಜೀಪು ಖಾಲಿ, ಕೊಂಡಿ ಖಾಲಿ, ಪಟ್ಟಿ ಗಾಳ್ಯಾಗ ಹಾರಾಡಕೋತ ಹೊಂಟಾವ. ಹತ್ತಿಸಿಕೊಂಡು ಹೋಗು ಅಂತ ಸಾಹೇಬರು ಹೇಳಿರಲಿಲ್ಲ.

ಸೈಕಲ್ಲನ್ನ ಟಂಟಂ ಮ್ಯಾಲ ಕಟ್ಟಿ, ಎಲ್ಲಾರನ್ನೂ ತುರುಕಿ, ಬೆನ್ನ ಹತ್ತಿದೆ. ನಾ ದಾರಿ ತುಂಬ ಒಂದ ಮಾತು: "ಇಂಥ ಪೆದ್ದ ಮೂರು ತಾಲೂಕಿನ್ಯಾಗ ಇಲ್ಲ. ನನ್ನ ಕೈಯಾಗ ಒಂದು ವಾರ ಕೊಡು ನೀಲವ್ವ, ತಿದ್ದಿ ಕೊಡತೀನಿ."

ಊರ ಕಡೆ ಐದು ಕಿಲೋಮೀಟರ್ ಬಂದಿದ್ವಿ, ಕಲ್ಲಿನ ಹತ್ರ ಜೀಪು ನಿಂತಿತ್ತು. ರೇವಪ್ಪ ಹಿಂದ ಬಂದು, ಖಾಲಿ ಕೊಂಡಿ ಮುಂದ ಬಗ್ಗಿ, "ಹೆಂಗದಿ, ಆರಾಮೇನು?" ಅಂತ ಕೇಳಿ, ಕೈ ಕಟಗೊಂಡು ಕಾಯಾಕ ಹತ್ತಿದ್ದ. ನಮಗ ಜೀವ ಬಂತು. ನೀಲಾಬಾಯಿ ಓಡಿ ಹೋಗಿ ಜೀಪಿಗೆ ಹತ್ತಾಕ ಒಂದು ಕಾಲು ಎತ್ತಿದ್ಲು. ದಾನಮ್ಮ ಆಯೀ ಕೈ ಹಿಡದು ಇಳಸಾಕ ಹತ್ತಿದ್ಲು. ನಾ ಇಳದು ರೇವಪ್ಪನ ಮುಂದ ಹೋಗಿ ನಿಂತೆ, ಬುದ್ಧಿ ಹೇಳಬೇಕಂತ. ಅಂವ ನನ್ನ ಕಡೆ ತಿರುಗಿದ.

"ಹ್ವಾ, ಮೌಲಾಕಾಕಾ. ಆರಾಮೇನು?"

ಮೂವತ್ತು ವರ್ಷ ಟಂಟಂನ್ಯಾಗ ಸೀಟು ಹತ್ತಿಸಿ ಇಳಿಸಿದ ಬಾಯ್ರಿ ಇದು. ದಿನಕ್ಕ ನೂರು ಮಂದಿ ಕೇಳ್ತಾರ, ನೂರು ಮಂದಿಗೂ ಒಂದ ಉತ್ತರ. ಬಾಯಿ ತಾನ ತೆರೀತು.

"ಆರಾಮದೀನಿ ನೋಡಪಾ."

"ಆತು" ಅಂದ ರೇವಪ್ಪ, ಹತ್ತಿದ, ಬಿಟ್ಟ.

ನೀಲಾಬಾಯಿ ಎತ್ತಿದ ಕಾಲು ಎತ್ತಿದಂಗ ನಿಂತಿದ್ಲು. ಜೀಪು ಇರಲಿಲ್ಲ. ಆಕಿ ಕಾಲು ಮೆಲ್ಲಕ ಕೆಳಗ ಇಟ್ಟಳು. ನನ್ನ ಕಡೆ ನೋಡಿದ್ಲು. ಮಗನಿಗೆ ಬೈಯೋ ದನಿ ಐತಲ್ಲ, ಅದ ದನಿ ತಗದ್ಲು.

"ಮೌಲಣ್ಣ, ನೀ ಹುಟ್ಟಿ ಅರವತ್ತು ವರ್ಷಾತು. ಯಾರರೆ ಆರಾಮೇನು ಅಂತ ಕೇಳಿದ್ರ ಮೊದಲ ಗಾಡಿ ಹತ್ತಿ ಕುಂಡ್ರು. ಆಮ್ಯಾಲ ಹೇಳು. ಏನಂದೆ?"

ನಾ ತಲಿ ಕೆಳಗ ಹಾಕಿ ಹೇಳಿದೆ: "ಮೊದಲ ಗಾಡಿ ಹತ್ತಿ ಕುಂಡ್ರು. ಆಮ್ಯಾಲ ಹೇಳು."

ದಾನಮ್ಮ ರಸ್ತೆ ಬಾಜೂಕ ಕುಂತು ಹೊಟ್ಟಿ ಹಿಡಕೊಂಡು ನಕ್ಕಳು. ನಕ್ಕು ನಕ್ಕು, ನಕ್ಕದ್ದ ಅಳುವಾತು. ಕೈಯಾಗ ಹಾಸ್ಟೆಲ್ ಚೀಟಿ ಇತ್ತು. "ನಾ ಹೋದ ಮ್ಯಾಲ ಅಣ್ಣಗ ಆರಾಮದೀನಿ ಅಂತ ಯಾರು ಹೇಳತಾರ ಕಾಕಾ?" ಅಂದ್ಲು. 

ಈಗ ಆಕಿ ಹಾಸ್ಟೆಲ್ಲಿನ್ಯಾಗ ಅದಾಳ. ರೇವಪ್ಪ ಐತಾರಕ್ಕೊಮ್ಮೆ ತಂಗೀನ್ನ ನೋಡಾಕ ಹೋಗತಾನ, ಹಿಂದ ಖಾಲಿ ಕೊಂಡಿ, ಐದು ಕಿಲೋಮೀಟರಿಗೊಮ್ಮೆ ಇಳದು ಅದನ್ನ ಮಾತಾಡಸತಾನ. ಕಲ್ಲಿನ ಹತ್ರ ಇದ್ದ ಚಹಾದಂಗಡಿಯವರು ಮೊದಲ ನಗತಿದ್ರು. ಈಗ ಗಿರಾಕಿಗೆ ಚಹಾ ಹಾಕಕೋತ ಅವರ ಹೇಳಿಬಿಡತಾರ, "ಆರಾಮದೀನಿ, ನಡಿ." ಇಲ್ಲಾಂದ್ರ ಅಂವ ಸಂಜೀಮಟ ಅಲ್ಲೇ ನಿಂದ್ರತಾನ.

ನಾ ಮಾತ್ರ ನೀಲಾಬಾಯಿ ಹೇಳಿದ್ದನ್ನ ಮೀರಿಲ್ಲ. ಅದಕ್ಕರಿ ಬಾಗಿಲಾ ತಗದು ಬಂದು ಕುಂತದ್ದು. ನನಗ ಎಲ್ಲಿಗೂ ಹೋಗೂದಿಲ್ಲ, ನನ್ನ ಟಂಟಂ ಅಲ್ಲೇ ಆಲದ ಗಿಡದ ಕೆಳಗ ನಿಂತೈತಿ, ಒಳಗ ಆರು ಮಂದಿ ಸೀಟು ನನ್ನ ಬೈಕೋತ ಕುಂತಾರ. ಆದ್ರ ನೀವು ಕೇಳೀರಿ, ನಾ ಹತ್ತೀನಿ. ಬೆಲ್ಟೂ ಹಾಕೀನಿ. ಈಗ ಹೇಳತೀನಿ ಕೇಳ್ರಿ.

ಆರಾಮದೀನಿ. ನಡೀರಿ.